ದೊಡ್ಡವರ ಬದುಕು ಬರೆಯಲು ಕೂತಾಗ: ಮೊದಲ ಹಾಳೆಯಿಂದ ಕೊನೆಯ ಸಾಲಿನವರೆಗೆ

ಹುಟ್ಟು, ಬಡತನ, ಓದು, ಹೋರಾಟ, ಗೆಲುವು, ಸಾವು. ನಾಯಕರ ಬಗ್ಗೆ, ಸಮಾಜ ಸುಧಾರಕರ ಬಗ್ಗೆ, ಕಾಣದ ನಾಡು ಹುಡುಕಿ ಹೊರಟವರ ಬಗ್ಗೆ ಬರುವ ಬರಹಗಳಲ್ಲಿ ಮುಕ್ಕಾಲು ಪಾಲು ಇದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಹೆಸರು ಅಳಿಸಿ ಓದಿದರೆ ಯಾರ ಕಥೆ ಅಂತ ಗೊತ್ತೇ ಆಗುವುದಿಲ್ಲ. ಅಷ್ಟು ದೊಡ್ಡ ಬದುಕು ಬಾಳಿದವರಿಗೆ ಇದು ಅನ್ಯಾಯ ಅಲ್ವಾ?

ಇಂಥ ಬರಹಗಳನ್ನು ಬರೆಯುತ್ತಾ, ಬೇರೆಯವರು ಬರೆದದ್ದನ್ನು ತಿದ್ದುತ್ತಾ ನಾನು ಒಂದು ಕ್ರಮ ರೂಢಿಸಿಕೊಂಡಿದ್ದೇನೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಸುಮ್ನೆ ಸಲಹೆ ಕೊಟ್ಟರೆ ಕೈಗೆ ಹತ್ತುವುದಿಲ್ಲ. ಅದಕ್ಕೇ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ: ಅಂಟಾರ್ಕ್ಟಿಕಾವನ್ನು ಈ ತುದಿಯಿಂದ ಆ ತುದಿಗೆ ದಾಟಲು ಹೊರಟ ಅರ್ನೆಸ್ಟ್ ಶಾಕಲ್ಟನ್. ನಡುನಡುವೆ ಬೇರೆಯವರೂ ಬರುತ್ತಾರೆ.

ಹಂತ 1: ಇಡೀ ಬದುಕು ಬೇಡ, ಒಂದು ತುಂಡು ಸಾಕು

ಒಂದು ಲೇಖನದಲ್ಲಿ ಒಬ್ಬರ ಇಡೀ ಬದುಕು ಹಿಡಿಸುವುದಿಲ್ಲ. ತುರುಕಿದರೆ ಅದು ಪಟ್ಟಿಯಾಗುತ್ತದೆ ಅಷ್ಟೇ. ಆ ವ್ಯಕ್ತಿ ಹಿಂದೆ ಹೋಗಲೂ ಆಗದೆ, ಮುಂದೆ ಹೋಗಲೂ ಆಗದೆ ಏನಾದರೊಂದು ನಿರ್ಧಾರ ಮಾಡಲೇಬೇಕಾಗಿ ಬಂದ ಕಾಲ ಯಾವುದು ಅಂತ ಹುಡುಕಿ. ಗಾಂಧೀಜಿ ಬಗ್ಗೆ ಬರೆಯುವುದಾದರೆ 1930ರ ಮಾರ್ಚ್ 12ರಿಂದ ಏಪ್ರಿಲ್ 6ರವರೆಗಿನ ದಂಡಿ ನಡಿಗೆ ಸಾಕು. ಫ್ಲಾರೆನ್ಸ್ ನೈಟಿಂಗೇಲ್ ಆದರೆ ಕ್ರಿಮಿಯಾ ಯುದ್ಧದ ಆ ಎರಡು ವರ್ಷ ಮತ್ತು ಅದರ ಬೆನ್ನಿಗೇ ಬಂದ ಎರಡು ವರ್ಷ.

ಶಾಕಲ್ಟನ್ ಅವರಿಗೆ ನಾನು ಆರಿಸಿದ್ದು 1914ರಿಂದ 1917. ಅವರು ಅದಕ್ಕೂ ಮುಂಚೆ ಧ್ರುವದ ಹತ್ತಿರ ಹೋಗಿ ಬಂದಿದ್ದರು, ಆ ಮೇಲೂ ಒಮ್ಮೆ ಹೊರಟರು. ಅದೆಲ್ಲಕ್ಕೂ ಒಂದೊಂದು ಸಾಲು ಸಾಕು.

ತುಂಡು ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಸುಲಭ ಪ್ರಶ್ನೆ ಇದೆ: ಇದು ಬೇರೆ ಥರ ಮುಗಿಯಬಹುದಿತ್ತಾ? ಹೌದು ಅನ್ನಿಸಿದರೆ ಅಲ್ಲಿ ಕಥೆ ಇದೆ. ಇಲ್ಲ ಅನ್ನಿಸಿದರೆ ಇನ್ನೊಂದು ತುಂಡು ಹುಡುಕಿ.

ಹಂತ 2: ಮೂರು ಕಾಲಂ ಎಳೆಯಿರಿ

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ. ಮೊದಲನೆಯದು ತಾರೀಖು. ಎರಡನೆಯದು ಏನಾಯಿತು. ಮೂರನೆಯದು, ಅದು ನಮಗೆ ಹೇಗೆ ಗೊತ್ತು. ಈ ಮೂರನೇ ಕಾಲಂ ಬಿಟ್ಟು ಮೊದಲೆರಡನ್ನು ಮಾತ್ರ ತುಂಬಿಸುವವರೇ ಜಾಸ್ತಿ. ಕೊನೆಗೆ ಎಡವುವುದೂ ಅಲ್ಲೇ.

ನನ್ನ ಹಾಳೆ ಹೀಗಿತ್ತು. 1914 ಡಿಸೆಂಬರ್ 5, 'ಎಂಡ್ಯೂರೆನ್ಸ್' ಹಡಗು ಸೌತ್ ಜಾರ್ಜಿಯಾ ದ್ವೀಪ ಬಿಟ್ಟಿತು. 1915 ಜನವರಿ ನಡುವಿನ ಹೊತ್ತಿಗೆ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಅಕ್ಟೋಬರ್ 27, ಎಲ್ಲರೂ ಹಡಗು ಬಿಟ್ಟು ಮಂಜಿನ ಮೇಲೆ ಇಳಿದರು. ನವೆಂಬರ್ 21, ಹಡಗು ಮುಳುಗಿತು. 1916 ಏಪ್ರಿಲ್ 9, ಮೂರು ದೋಣಿಗಳಲ್ಲಿ ಹೊರಟರು. ಏಪ್ರಿಲ್ 15, ಎಲಿಫೆಂಟ್ ದ್ವೀಪ ಮುಟ್ಟಿದರು. ಏಪ್ರಿಲ್ 24, ಆರು ಮಂದಿ ಒಂದೇ ದೋಣಿಯಲ್ಲಿ ಸಹಾಯ ತರಲು ಹೊರಟರು. ಮೇ 10, ಸೌತ್ ಜಾರ್ಜಿಯಾದ ದಡ ಸಿಕ್ಕಿತು. ಆಗಸ್ಟ್ 30, ಎಲಿಫೆಂಟ್ ದ್ವೀಪದಲ್ಲಿ ಕಾಯುತ್ತಿದ್ದ 22 ಮಂದಿಯನ್ನೂ ಹಡಗು ಬಂದು ಕರೆದುಕೊಂಡು ಹೋಯಿತು.

ಈಗ ತಾರೀಖುಗಳ ನಡುವಿನ ಖಾಲಿ ಜಾಗ ನೋಡಿ. ಜನವರಿಯಿಂದ ಅಕ್ಟೋಬರ್‌ವರೆಗೆ ಒಂಬತ್ತು ತಿಂಗಳು! 28 ಜನ ಅಲುಗಾಡದ ಹಡಗಿನಲ್ಲಿ ಏನು ಮಾಡುತ್ತಿದ್ದರು? ಬಹಳ ಬರಹಗಳು ಇದನ್ನು 'ಚಳಿಗಾಲ ಕಳೆಯಿತು' ಅಂತ ಎರಡು ಪದದಲ್ಲಿ ಮುಗಿಸುತ್ತವೆ. ಹೀಗೆ ಖಾಲಿ ಕಂಡಲ್ಲೆಲ್ಲ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟುಕೊಳ್ಳಿ. ನಾಯಕತ್ವ ಅನ್ನುವುದು ಜಾಸ್ತಿ ಕಾಣುವುದು ಇಂಥ ಏನೂ ನಡೆಯದ ತಿಂಗಳುಗಳಲ್ಲೇ ಅಂತ ನನ್ನ ನಂಬಿಕೆ.

ತಾರೀಖಿನಲ್ಲಿ ಒಂದು ತೊಡಕಿದೆ, ಮೊದಲೇ ಹೇಳಿಬಿಡುತ್ತೇನೆ. ಎರಡು ಪುಸ್ತಕದಲ್ಲಿ ಎರಡು ತಾರೀಖು ಸಿಕ್ಕರೆ ಒಂದು ತಪ್ಪೇ ಇರಬೇಕು ಅಂತಿಲ್ಲ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಕ್ಯಾಲೆಂಡರ್ ಪ್ರಕಾರ 1731ರ ಫೆಬ್ರವರಿ 11. ಈಗಿನ ಕ್ಯಾಲೆಂಡರ್ ಪ್ರಕಾರ 1732ರ ಫೆಬ್ರವರಿ 22. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿಕೊಂಡವು. ಆಗ 11 ದಿನ ಕೈಬಿಟ್ಟರು, ವರ್ಷ ಶುರುವಾಗುವ ದಿನವನ್ನೂ ಬದಲಾಯಿಸಿದರು. ಹಾಗಾಗಿ ಎರಡೂ ಸರಿ.

ಕಡಲಯಾನಿಗಳದ್ದು ಇನ್ನೂ ಸೊಗಸಾದ ಕಥೆ. ಮೆಗೆಲನ್ ಜೊತೆ ಹೊರಟ ಪಿಗಫೆಟ್ಟಾ ಒಂದು ದಿನವೂ ತಪ್ಪದೆ ಡೈರಿ ಬರೆದವರು. ಭೂಮಿಯನ್ನು ಸುತ್ತಿಕೊಂಡು 1522ರಲ್ಲಿ ಕೇಪ್ ವರ್ಡ್ ದ್ವೀಪಗಳಿಗೆ ಬಂದಾಗ ಅವರ ಲೆಕ್ಕದಲ್ಲಿ ಬುಧವಾರ. ದಡದಲ್ಲಿದ್ದವರು ಗುರುವಾರ ಅಂದರು. ಪಶ್ಚಿಮಕ್ಕೇ ಹೋಗುತ್ತಾ ಇಡೀ ಭೂಮಿ ಸುತ್ತಿದರೆ ಒಂದು ದಿನ ಕಳೆದುಹೋಗುತ್ತದೆ ಅಂತ ಆಗ ಅವರಿಗೆ ಹೊಳೆದಿರಲಿಲ್ಲ. ಸುಮಾರು 400 ವರ್ಷದ ನಂತರ ಅಮುಂಡ್ಸನ್ ಕೂಡ ದಕ್ಷಿಣ ಧ್ರುವ ಮುಟ್ಟಿದ ದಿನವನ್ನು ಮೊದಲು 1911ರ ಡಿಸೆಂಬರ್ 15 ಅಂತಲೇ ಬರೆದುಕೊಂಡಿದ್ದರು. ದಿನಾಂಕ ರೇಖೆ ದಾಟಿದ್ದನ್ನು ಲೆಕ್ಕಕ್ಕೆ ಹಿಡಿದರೆ ಅದು 14. ಇಂಥದ್ದು ಸಿಕ್ಕರೆ ಅಡಗಿಸಬೇಡಿ, ಬರಹದೊಳಗೇ ಹಾಕಿ. ಆ ಮನುಷ್ಯರು ಎಷ್ಟು ದೂರ ಹೋಗಿದ್ದರು ಅನ್ನುವುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಬೇಕಾ?

ಹುಟ್ಟಿದ ದಿನವೇ ಗೊತ್ತಿಲ್ಲದವರೂ ಇದ್ದಾರೆ. ಗುಲಾಮಗಿರಿಯಿಂದ ಜನರನ್ನು ಬಿಡಿಸಿದ ಹ್ಯಾರಿಯೆಟ್ ಟಬ್ಮನ್ ಹುಟ್ಟಿದ್ದು ಸುಮಾರು 1822ರಲ್ಲಿ. ಅಲ್ಲಿ 'ಸುಮಾರು' ಅನ್ನುವ ಪದ ಬಿಡಬೇಡಿ. ಗುಲಾಮರ ಮಕ್ಕಳ ಹುಟ್ಟಿದ ದಿನ ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ ಅನ್ನುವುದೇ ಆ ಪದದ ಒಳಗಿದೆ.

ಹಂತ 3: ಅವರದೇ ಮಾತು, ಅವತ್ತಿನದೇ ಮಾತು

ಈಗ ಮೂರನೇ ಕಾಲಂ ತುಂಬಿಸಿ. ಡೈರಿ, ಪತ್ರ, ಭಾಷಣ, ಶಾಸನ, ಹಡಗಿನ ದಾಖಲೆ ಪುಸ್ತಕ, ಕೋರ್ಟಿನ ಹೇಳಿಕೆ. ಪ್ರತಿಯೊಂದಕ್ಕೂ ಕೇಳಬೇಕಾದ್ದು ಇಷ್ಟೇ: ಯಾರು ಬರೆದರು, ಯಾವಾಗ, ಯಾರು ಓದಲಿ ಅಂತ?

'ಯಾವಾಗ' ಅನ್ನುವುದರ ತೂಕ ಎಷ್ಟು ಅಂತ ಎಂಡ್ಯೂರೆನ್ಸ್ ಹಡಗೇ ತೋರಿಸಿಕೊಟ್ಟಿತು. ಹಡಗಿನ ಕ್ಯಾಪ್ಟನ್ ಫ್ರಾಂಕ್ ವೋರ್ಸ್ಲಿ ಮಂಜಿನ ಮೇಲೆ ನಿಂತು ಅದು ಮುಳುಗಿದ ಜಾಗ ಲೆಕ್ಕಹಾಕಿ ಬರೆದಿಟ್ಟರು. 2022ರ ಮಾರ್ಚ್‌ನಲ್ಲಿ ಆ ಹಡಗು 3008 ಮೀಟರ್ ಆಳದಲ್ಲಿ ಸಿಕ್ಕಿತು, ವೋರ್ಸ್ಲಿ ಬರೆದ ಜಾಗದಿಂದ ಸುಮಾರು 4 ಮೈಲಿ ದಕ್ಷಿಣಕ್ಕೆ. ಅದಕ್ಕೂ 106 ವರ್ಷ ಹಿಂದೆ, ನೆಲ ಅಂತ ಏನೂ ಕಾಣದ ಕಡೆ, ಕೈಯಲ್ಲಿ ಹಿಡಿಯುವ ಉಪಕರಣದಿಂದ ಮಾಡಿದ ಲೆಕ್ಕ ಅದು. ಅದೇ ಶಾಕಲ್ಟನ್ 1919ರಲ್ಲಿ ಹೊರತಂದ ಪುಸ್ತಕ ವರ್ಷಗಳ ನಂತರ ನೆನಪಿಸಿಕೊಂಡು ಇನ್ನೊಬ್ಬರ ಕೈಯಲ್ಲಿ ಬರೆಸಿದ್ದು. ಎರಡನ್ನೂ ಓದಬೇಕು, ಆದರೆ ಎರಡಕ್ಕೂ ಒಂದೇ ತೂಕ ಕೊಡಬಾರದು.

ಇನ್ನೊಂದು ವಿಷಯ. ಉಳಿದಿರುವುದೆಲ್ಲ ಯಾರೋ ಆರಿಸಿ ಉಳಿಸಿದ್ದು. ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ಮತ್ತು ಶಾಕಲ್ಟನ್ ಮಂಜಿನ ಮೇಲೆ ಕೂತು ಗಾಜಿನ ಫಲಕಗಳನ್ನು ಒಂದೊಂದಾಗಿ ನೋಡಿದರು. ಸುಮಾರು 120 ಇಟ್ಟುಕೊಂಡರು. ಬಾಕಿ ಸುಮಾರು 400 ಫಲಕಗಳನ್ನು, ಮತ್ತೆ ಮನಸ್ಸು ಬದಲಾಗದಿರಲಿ ಅಂತ ಅಲ್ಲೇ ಒಡೆದುಹಾಕಿದರು. ನಾವು ಇವತ್ತು ಕಣ್ಣರಳಿಸಿ ನೋಡುವ ಆ ಚಿತ್ರಗಳ ಹಿಂದೆ ಒಡೆದ ಗಾಜಿನ ರಾಶಿ ಒಂದಿದೆ.

'ಯಾರು ಓದಲಿ ಅಂತ' ಅನ್ನುವ ಪ್ರಶ್ನೆಗೆ ಅಶೋಕನಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪಟ್ಟಕ್ಕೆ ಬಂದು ಎಂಟು ವರ್ಷವಾದ ಮೇಲೆ ಕಳಿಂಗ ಗೆದ್ದದ್ದು, ಒಂದು ಲಕ್ಷ ಜನ ಸತ್ತದ್ದು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದ್ದು, ಅದಕ್ಕಾಗಿ ತಾನು ಪಶ್ಚಾತ್ತಾಪ ಪಡುತ್ತಿರುವುದು, ಇದೆಲ್ಲ ಅವನ 13ನೇ ಬಂಡೆಶಾಸನದಲ್ಲಿದೆ. ಚಕ್ರವರ್ತಿಯೊಬ್ಬ ತಾನು ಗೆದ್ದ ಯುದ್ಧಕ್ಕೆ ದುಃಖಿಸಿ ಕಲ್ಲಿನಲ್ಲಿ ಕೆತ್ತಿಸಿದ್ದು! ಆದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಆ ಶಾಸನ ಇಲ್ಲ. ಅದರ ಬದಲು ಬೇರೆ ಶಾಸನಗಳಿವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಯಾರನ್ನೂ ಸುಮ್ಮನೆ ಸೆರೆಯಲ್ಲಿಡಬೇಡಿ ಅಂತ ಅಧಿಕಾರಿಗಳಿಗೆ ಹೇಳುವ ಮಾತುಗಳು. ಸೋತ ನಾಡಿನ ಜನರ ಮುಂದೆ ಅವರ ಸತ್ತವರ ಲೆಕ್ಕ ಯಾಕೆ ಇಡಲಿಲ್ಲ? ನಾಚಿಕೆಯೋ, ಜಾಣತನವೋ, ಗಾಯ ಕೆದಕಬಾರದು ಅನ್ನುವ ಕಾಳಜಿಯೋ, ಓದುಗರೇ ಯೋಚಿಸಲಿ. ನೀವು ಮಾಡಬೇಕಾದ್ದು ಎರಡೂ ಬಂಡೆಗಳನ್ನು ಅಕ್ಕಪಕ್ಕ ಇಡುವುದು.

ಮೂಲವೇ ಕಳೆದುಹೋಗಿರುವುದೂ ಉಂಟು. ಕೊಲಂಬಸ್‌ನ ಮೊದಲ ಯಾನದ ದಾಖಲೆ ಪುಸ್ತಕ ಈಗ ಇಲ್ಲ. ನಮ್ಮ ಕೈಗೆ ಬಂದಿರುವುದು ಸ್ಪೇನಿನ ಪಾದ್ರಿ ಲಾಸ್ ಕಾಸಾಸ್ ಮಾಡಿಟ್ಟ ಸಾರಾಂಶ. ಹಾಗಾಗಿ 'ಕೊಲಂಬಸ್ ಬರೆದ' ಅಂತ ಹಾಕುವ ಮುಂಚೆ ಒಮ್ಮೆ ನಿಲ್ಲಿ.

ಪತ್ರ ಸಿಕ್ಕರೆ ಮಾತ್ರ ಬಿಡಲೇಬೇಡಿ. ಸಾವಿತ್ರಿಬಾಯಿ ಫುಲೆ ಅಂದರೆ 1848ರ ಪುಣೆಯ ಹೆಣ್ಣುಮಕ್ಕಳ ಶಾಲೆ ಅಂತ ಎಲ್ಲರೂ ಬರೆಯುತ್ತಾರೆ. 1868ರಲ್ಲಿ ನಾಯಗಾಂವ್‌ನಿಂದ ಅವರು ಜೋತಿಬಾ ಅವರಿಗೆ ಬರೆದ ಪತ್ರ ನೋಡಿ. ಬ್ರಾಹ್ಮಣ ಹುಡುಗನೊಬ್ಬ ದಲಿತ ಹುಡುಗಿಯನ್ನು ಪ್ರೀತಿಸಿದ್ದ. ಊರವರು ಇಬ್ಬರನ್ನೂ ಕೊಲ್ಲಲು ಹೊರಟಿದ್ದರು. ಸುದ್ದಿ ತಿಳಿದ ಸಾವಿತ್ರಿಬಾಯಿ ಅಲ್ಲಿಗೆ ಓಡಿಹೋಗಿ, ಕೊಂದರೆ ಸರಕಾರ ಸುಮ್ಮನಿರುವುದಿಲ್ಲ ಅಂತ ಎಚ್ಚರಿಸಿ ಅವರ ಜೀವ ಉಳಿಸಿದರು. ಗಂಡನಿಗೆ ಸುದ್ದಿ ಹೇಳುವ ಹಾಗೆ ಬರೆದ ಒಂದು ಪತ್ರದಲ್ಲಿ ಅವರ ಧೈರ್ಯ, ಸಮಯಪ್ರಜ್ಞೆ ಎಲ್ಲ ಎದ್ದು ಕಾಣುತ್ತದೆ. 'ಧೀಮಂತ ಮಹಿಳೆ' ಅನ್ನುವ ವಿಶೇಷಣ ಆಮೇಲೆ ಬೇಕಾಗುವುದೇ ಇಲ್ಲ.

ಹಂತ 4: ಕಥೆಗಳನ್ನು ಜರಡಿ ಹಿಡಿಯಿರಿ

ಅಪಾಯದ ಪಯಣಕ್ಕೆ ಜನ ಬೇಕಾಗಿದ್ದಾರೆ, ಸಂಬಳ ಕಡಿಮೆ, ಚಳಿ ಭಯಂಕರ, ವಾಪಸ್ ಬರುವುದು ಅನುಮಾನ ಅಂತ ಶಾಕಲ್ಟನ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರಂತೆ. ಈ ಕಥೆ ನೀವೂ ಕೇಳಿರಬಹುದು. ಬಹಳ ಜನ ಬಹಳ ವರ್ಷ ಹುಡುಕಿದರೂ ಆ ಜಾಹೀರಾತು ಅವತ್ತಿನ ಯಾವ ಪತ್ರಿಕೆಯಲ್ಲೂ ಸಿಕ್ಕಿಲ್ಲ. ಮೂರನೇ ಕಾಲಂ ಖಾಲಿ. ಹಾಗಾದರೆ ಬರಹದಲ್ಲಿ ಅದಕ್ಕೆ ಜಾಗ ಇಲ್ಲ, ಎಷ್ಟೇ ಚಂದ ಇದ್ದರೂ.

ಇಂಥ ಕಥೆಗಳಲ್ಲಿ ಕೆಲವು ಬಗೆಗಳಿವೆ, ಗುರುತು ಹಿಡಿಯುವುದು ಕಷ್ಟವಲ್ಲ. ಎದುರಾಳಿಗಳನ್ನು ದಡ್ಡರನ್ನಾಗಿ ಮಾಡುವ ಕಥೆ ಒಂದು. ಭೂಮಿ ಚಪ್ಪಟೆ ಅಂದುಕೊಂಡವರ ಎದುರು ಕೊಲಂಬಸ್ ಒಬ್ಬನೇ ದುಂಡಗಿದೆ ಅಂತ ವಾದಿಸಿದ ಅನ್ನುವುದು ಈ ಬಗೆಯದು. ಓದಿದವರಿಗೆಲ್ಲ ಭೂಮಿ ದುಂಡಗಿದೆ ಅಂತ ಆಗಲೇ ಗೊತ್ತಿತ್ತು. ಜಗಳ ಇದ್ದದ್ದು ಅದರ ಸುತ್ತಳತೆ ಎಷ್ಟು ಅನ್ನುವುದರ ಮೇಲೆ, ಅದರಲ್ಲಿ ತಪ್ಪಿದ್ದು ಕೊಲಂಬಸ್ ಲೆಕ್ಕವೇ. ದೊಡ್ಡ ಕೆಲಸವನ್ನು ಚಿಟಿಕೆ ಹೊಡೆದಷ್ಟು ಸುಲಭ ಮಾಡುವ ಕಥೆ ಇನ್ನೊಂದು. 1863ರ ಗೆಟಿಸ್‌ಬರ್ಗ್ ಭಾಷಣವನ್ನು ಲಿಂಕನ್ ರೈಲಿನಲ್ಲಿ ಲಕೋಟೆಯ ಹಿಂದೆ ಗೀಚಿದರು ಅಂತಾರೆ. ಅವರು ಹೊರಡುವ ಮುಂಚೆಯೇ ವಾಷಿಂಗ್ಟನ್‌ನಲ್ಲಿ ಬರೆಯಲು ಶುರುಮಾಡಿದ್ದರು. ಅವರ ಕೈಬರಹದ ಐದು ಪ್ರತಿಗಳು ಇಂದಿಗೂ ಇವೆ. ಸುಮಾರು 270 ಪದಗಳಿಗೆ ಅವರು ಪಟ್ಟ ಪಾಡು ಆ ಸುಳ್ಳು ಕಥೆಗಿಂತ ಎಷ್ಟೋ ದೊಡ್ಡದು.

ಇನ್ನು ಅಂಕಿಗಳು. ಟಬ್ಮನ್ 19 ಸಲ ಹೋಗಿ 300 ಜನರನ್ನು ಬಿಡಿಸಿದರು ಅಂತ ಹಳೆಯ ಜೀವನ ಚರಿತ್ರೆಯೊಂದು ಬರೆಯಿತು, ಎಲ್ಲರೂ ಅದನ್ನೇ ನಕಲು ಮಾಡಿದರು. ಆಮೇಲೆ ಕೂತು ಹೆಸರು ಹೆಸರು ಹುಡುಕಿದಾಗ ಸಿಕ್ಕಿದ್ದು ಸುಮಾರು 13 ಸಲ, ಸುಮಾರು 70 ಜನ. ಇದರಿಂದ ಅವರು ಚಿಕ್ಕವರಾದರಾ? ಸಿಕ್ಕಿಬಿದ್ದರೆ ಏನು ಗತಿ ಅಂತ ಗೊತ್ತಿದ್ದೂ, ತಪ್ಪಿಸಿಕೊಂಡು ಬಂದ ಜಾಗಕ್ಕೇ 13 ಸಲ ವಾಪಸ್ ಹೋಗುವುದು ಅಂದರೆ ಏನು ಅಂತ ಯೋಚಿಸಿ.

ಹೇಳಿಕೆಗಳ ಬಗ್ಗೆ ಒಂದೇ ನಿಯಮ ಇಟ್ಟುಕೊಳ್ಳಿ: ಎಲ್ಲಿ, ಯಾವಾಗ ಹೇಳಿದ್ದು ಅಂತ ಸಿಗದಿದ್ದರೆ ಬಳಸಬೇಡಿ. 'ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿ' ಅನ್ನುವ ಮಾತು ಗಾಂಧೀಜಿ ಹೆಸರಲ್ಲಿ ಗೋಡೆಗೋಡೆಯ ಮೇಲಿದೆ. ಅವರ ಸಮಗ್ರ ಬರಹಗಳ 100 ಸಂಪುಟಗಳಲ್ಲಿ ಆ ವಾಕ್ಯ ಇಲ್ಲ.

ಹಂತ 5: ಜೊತೆಗಿದ್ದವರು ಎಲ್ಲಿ?

ನನಗೆ ತುಂಬಾ ಇಷ್ಟವಾದ ಹಂತ ಇದು. ಹಾಳೆಯಲ್ಲಿ ಬರೆದ ಪ್ರತಿ ಘಟನೆಗೂ 'ಅಲ್ಲಿ ಇನ್ನು ಯಾರಿದ್ದರು' ಅಂತ ಕೇಳುತ್ತಾ ಹೋಗಿ.

ಶಾಕಲ್ಟನ್ ಸಹಾಯ ತರಲು ಹೊರಟ ದೋಣಿ 'ಜೇಮ್ಸ್ ಕೇರ್ಡ್'. ಉದ್ದ ಏಳು ಮೀಟರಿಗೂ ಕಡಿಮೆ. ದಾಟಬೇಕಾಗಿದ್ದು ಸುಮಾರು 800 ನಾಟಿಕಲ್ ಮೈಲಿ, ಭೂಮಿಯ ಮೇಲಿನ ಅತಿ ಕೆಟ್ಟ ಕಡಲು. ಅದು ತೇಲಿದ್ದು ಹೇಗೆ? ಬಡಗಿ ಹ್ಯಾರಿ ಮೆಕ್‌ನಿಶ್ ಅದರ ಅಂಚು ಎತ್ತರಿಸಿದರು. ಸಿಕ್ಕಿದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ ಮೇಲೆ ಕ್ಯಾನ್ವಾಸ್ ಹೊದಿಸಿದರು. ಹಲಗೆಗಳ ಸಂದಿಗೆ ದೀಪದ ಬತ್ತಿ ತುರುಕಿ, ಚಿತ್ರಕಾರನ ಬಣ್ಣ ಮತ್ತು ಸೀಲ್ ಪ್ರಾಣಿಯ ರಕ್ತ ಬಳಿದು ನೀರು ಬರದ ಹಾಗೆ ಮಾಡಿದರು. 16 ದಿನದಲ್ಲಿ ವೋರ್ಸ್ಲಿಗೆ ಸೂರ್ಯನನ್ನು ನೋಡಿ ಲೆಕ್ಕ ಹಾಕಲು ಸಿಕ್ಕಿದ್ದು ಬರೀ ನಾಲ್ಕು ಅವಕಾಶ. ದಡ ಸೇರಿದ ಮೇಲೂ, ಜನರಿದ್ದ ಆಚೆ ಬದಿಗೆ ಹೋಗಲು ಹಿಮದ ಬೆಟ್ಟ ದಾಟುವುದು ಬಾಕಿ. ಅದಕ್ಕೆ ಮೆಕ್‌ನಿಶ್ ದೋಣಿಯ ಸ್ಕ್ರೂಗಳನ್ನೇ ಬಿಚ್ಚಿ, ಜಾರದಿರಲಿ ಅಂತ ಬೂಟುಗಳ ಅಡಿಗೆ ಹೊಡೆದುಕೊಟ್ಟರು. ಆ ಬೂಟುಗಳಲ್ಲಿ ಶಾಕಲ್ಟನ್, ವೋರ್ಸ್ಲಿ, ಟಾಮ್ ಕ್ರೀನ್ ಸುಮಾರು 36 ಗಂಟೆ ನಡೆದರು.

ಇದೇ ಮೆಕ್‌ನಿಶ್‌ಗೆ ಧ್ರುವ ಪದಕ ಸಿಗಲಿಲ್ಲ. ಹಡಗು ಹೋದ ಮೇಲೆ ಮಂಜಿನ ಮೇಲೆ ದೋಣಿ ಎಳೆಯುತ್ತಿದ್ದಾಗ ಅವರು ಒಮ್ಮೆ ಇನ್ನು ಎಳೆಯಲಾರೆ ಅಂತ ನಿಂತುಬಿಟ್ಟಿದ್ದರು, ಹಡಗೇ ಇಲ್ಲದ ಮೇಲೆ ಒಪ್ಪಂದ ಎಲ್ಲಿಯದು ಅಂತ ಕೇಳಿದ್ದರು. ಅವರ ಬೆಕ್ಕನ್ನು, ಇಡೀ ಹಡಗೇ ಮುದ್ದು ಮಾಡುತ್ತಿದ್ದ 'ಮಿಸೆಸ್ ಚಿಪ್ಪಿ'ಯನ್ನು, ಸಾಕಲು ಆಗುವುದಿಲ್ಲ ಅಂತ ಶಾಕಲ್ಟನ್ ಆದೇಶದ ಮೇಲೆ ಕೊಂದಿದ್ದರು. ಪದಕಕ್ಕೆ ಶಿಫಾರಸು ಮಾಡದಿದ್ದದ್ದೂ ಶಾಕಲ್ಟನ್ ಅವರೇ. ಇದನ್ನು ಬರೆಯದೆ ಶಾಕಲ್ಟನ್ ಬಗ್ಗೆ ಬರೆದರೆ ಅರ್ಧ ಮನುಷ್ಯನ ಬಗ್ಗೆ ಬರೆದ ಹಾಗೆ.

'ಒಬ್ಬನೇ ಒಬ್ಬನನ್ನೂ ಕಳೆದುಕೊಳ್ಳದ ನಾಯಕ' ಅನ್ನುತ್ತಾರಲ್ಲ, ಅದನ್ನೂ ಇಲ್ಲೇ ನೋಡಿ. ಎಂಡ್ಯೂರೆನ್ಸ್‌ನ 28 ಮಂದಿ ಉಳಿದದ್ದು ನಿಜ. ಆದರೆ ಅದೇ ಯೋಜನೆಯ ಇನ್ನೊಂದು ತಂಡ ಖಂಡದ ಆ ಕಡೆ, ರಾಸ್ ಸಮುದ್ರದ ದಡದಲ್ಲಿತ್ತು. ಶಾಕಲ್ಟನ್ ದಾಟಿ ಬಂದಾಗ ಬೇಕಾಗುತ್ತದೆ ಅಂತ ಅವರು ದಾರಿಯುದ್ದಕ್ಕೂ ಆಹಾರ ಇಡುತ್ತಾ ಹೋದರು. ಶಾಕಲ್ಟನ್ ಬರಲೇ ಇಲ್ಲ. ಅವರ ಹಡಗು ಬಿರುಗಾಳಿಗೆ ಕಿತ್ತುಹೋಗಿ ದಡದಲ್ಲಿ ಹತ್ತು ಮಂದಿ ಸಿಕ್ಕಿಬಿದ್ದರು. ಮೂವರು ಸತ್ತರು. ಉಳಿದ ಏಳು ಮಂದಿಯನ್ನು ಕರೆತಂದದ್ದು 1917ರ ಜನವರಿಯಲ್ಲಿ. ನಾನು 1916ಕ್ಕೆ ನಿಲ್ಲಿಸದೆ 1917ರವರೆಗೆ ತುಂಡು ಕತ್ತರಿಸಿದ್ದು ಇದಕ್ಕೇ.

ಡೈರಿ ಬರೆದವರೇ ಜೊತೆಗಾರರನ್ನು ಮರೆಮಾಡುವುದೂ ಉಂಟು. ಮೆಗೆಲನ್ 1521ರಲ್ಲಿ ಫಿಲಿಪೈನ್ಸ್‌ನ ಮಕ್ತಾನ್‌ನಲ್ಲಿ ಸತ್ತ ಮೇಲೆ 'ವಿಕ್ಟೋರಿಯಾ' ಹಡಗನ್ನು ತಾವೂ ಸೇರಿ 18 ಮಂದಿಯೊಂದಿಗೆ ಸ್ಪೇನ್‌ಗೆ ತಂದವರು ಎಲ್ಕಾನೋ. ಪಿಗಫೆಟ್ಟಾ ಬರೆದದ್ದರಲ್ಲಿ ಆ ಹೆಸರೇ ಇಲ್ಲ.

ಹಂತ 6: ಅವರ ತಪ್ಪು, ಅವರ ತಿದ್ದುಪಡಿ

ಹೊಗಳಿಕೆ ಬೇಡ ಅಂತ ತೀರ್ಪು ಕೊಡಲು ಹೋಗಬೇಡಿ. ನಡೆದದ್ದು ಇಡಿ. ಕೊಲಂಬಸ್ 1495ರಲ್ಲಿ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ನೂರಾರು ತೈನೋ ಜನರನ್ನು ಗುಲಾಮರಾಗಿ ಸ್ಪೇನ್‌ಗೆ ಕಳಿಸಿದ. 1500ರಲ್ಲಿ ಅವನ ಆಡಳಿತದ ಮೇಲಿನ ದೂರುಗಳಿಂದ ಅವನನ್ನೇ ಸಂಕೋಲೆ ಹಾಕಿ ಕಳಿಸಿದರು. ಇಷ್ಟು ಬರೆದರೆ ಸಾಕು, ವಿಶೇಷಣ ಬೇಡ.

ಅದಕ್ಕಿಂತ ಮುಖ್ಯ, ಅವರು ತಮ್ಮನ್ನು ತಾವೇ ತಿದ್ದಿಕೊಂಡ ಕ್ಷಣ. ನೈಟಿಂಗೇಲ್ 1854ರ ನವೆಂಬರ್‌ನಲ್ಲಿ 38 ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಬಂದರು. ಅವರು ಬಂದ ಮೇಲೂ ಸಾವು ಏರುತ್ತಲೇ ಹೋಯಿತು, 1855ರ ಫೆಬ್ರವರಿಯಲ್ಲಿ ತುದಿ ಮುಟ್ಟಿತು. ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಇಳಿಯಿತು. ಸರಿಯಾದ ಊಟ, ಸಾಮಾನು ಇಲ್ಲದ್ದೇ ಕಾರಣ ಅಂತ ಅವರು ಆಗ ನಂಬಿದ್ದರು. ಯುದ್ಧ ಮುಗಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಅಂಕಿಗಳ ಮುಂದೆ ಕೂತಾಗ, ತಮ್ಮದೇ ಆಸ್ಪತ್ರೆಯ ಕೊಳಕು ಎಷ್ಟು ಜನರನ್ನು ಕೊಂದಿತು ಅಂತ ಕಂಡಿತು. 1858ರ ಅವರ ಪ್ರಸಿದ್ಧ ವೃತ್ತಾಕಾರದ ನಕ್ಷೆ ಹುಟ್ಟಿದ್ದು ಆ ನೋವಿನ ನಂತರ. ದೀಪ ಹಿಡಿದ ದೇವತೆಗಿಂತ ಈ ಹೆಂಗಸು ನನಗೆ ಬಹಳ ಹತ್ತಿರ. ಅಂದಹಾಗೆ ಆ ದೀಪವೂ ಚಿತ್ರಗಳಲ್ಲಿ ಕಾಣುವ ಹಿಡಿಕೆಯ ಎಣ್ಣೆದೀಪ ಅಲ್ಲ. ಅವರು ಹಿಡಿದು ಓಡಾಡಿದ್ದು ಮಡಿಚಿಡಬಹುದಾದ ಟರ್ಕಿಯ ಲಾಟೀನು.

ಹಂತ 7: ಈಗ ಬರೆಯಿರಿ

ಮೊದಲ ಪ್ಯಾರಾದಲ್ಲಿ ಹುಟ್ಟಿದ ತಾರೀಖು ಬೇಡ. ಮೂರನೇ ಕಾಲಂ ಗಟ್ಟಿಯಾಗಿರುವ ಒಂದು ದಿನ ಆರಿಸಿ, ಆ ದಿನ ಅಲ್ಲಿ ಏನಿತ್ತು ಅಂತ ಬರೆಯಿರಿ. ನಾನು ಶುರು ಮಾಡಿದ್ದು ಮಂಜಿನ ಮೇಲೆ ಗಾಜು ಒಡೆಯುವುದರಿಂದ. ಹಿನ್ನೆಲೆ ಆಮೇಲೆ, ಬೇಕಾದಷ್ಟೇ.

'ಮಹಾನ್', 'ಅಪ್ರತಿಮ', 'ಯುಗಪುರುಷ' ಇಂಥ ಪದಗಳನ್ನೆಲ್ಲ ಒಮ್ಮೆ ತೆಗೆದು ಓದಿ ನೋಡಿ. ಆ ಪದ ಹೋದ ಕೂಡಲೇ ಪ್ಯಾರಾ ಕುಸಿದರೆ ಅಲ್ಲಿ ಘಟನೆ ಇಲ್ಲ ಅಂತ ಅರ್ಥ. ಹಾಳೆಗೆ ವಾಪಸ್ ಹೋಗಿ. ಊರುಗಳಿಗೆ ಈಗಿನ ಹೆಸರನ್ನೂ ಕೊಡಿ, ಸ್ಕುಟಾರಿ ಅಂದರೆ ಇಸ್ತಾಂಬುಲ್‌ನ ಉಸ್ಕುದಾರ್ ಅಂತ. ಮನಸ್ಸಿನೊಳಗಿನ ಮಾತನ್ನು ನೀವೇ ಕಟ್ಟಿ ಅವರ ಬಾಯಿಗೆ ಹಾಕಬೇಡಿ.

ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಜೋರಾಗಿ ಓದಿ. ನಂತರ ಹಾಳೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಂಕಿ, ಪ್ರತಿ ಹೆಸರು ಒಂದೊಂದಾಗಿ ಟಿಕ್ ಮಾಡಿ.

ಕೊನೆಯ ಸಾಲು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಶಾಕಲ್ಟನ್ ಲೇಖನ ಮೊದಲು 22 ಮಂದಿ ಹಡಗು ಹತ್ತುವಲ್ಲಿಗೆ ಮುಗಿದಿತ್ತು. ರಾಸ್ ಸಮುದ್ರದ ಏಳು ಮಂದಿ ಬಂದ ಮೇಲೆ ಅದು ಸಾಲಲಿಲ್ಲ, ಮುಂದಕ್ಕೆ ಎಳೆದೆ. ಕೊನೆಗೆ ನಿಲ್ಲಿಸಿದ್ದು ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ, ಕರೋರಿ ಸ್ಮಶಾನದಲ್ಲಿ. ಮೆಕ್‌ನಿಶ್ 1930ರಲ್ಲಿ ಬಡವರಾಗಿ ತೀರಿಕೊಂಡರು, ಅಲ್ಲೇ ಮಣ್ಣು ಮಾಡಿದರು. 2004ರಲ್ಲಿ ಆ ಸಮಾಧಿಯ ಮೇಲೆ ಒಂದು ಕಂಚಿನ ಬೆಕ್ಕನ್ನು ಮಲಗಿಸಿದರು.